ಗೇಜ್ ನೋಡಿ ಗ್ಯಾಸ್ ತುಂಬಿಸಬೇಡಿ

ಹೋದ ಏಪ್ರಿಲ್‌ನಲ್ಲಿ ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಒಂದು ಬೆಣ್ಣೆ ದೋಸೆ ಹೋಟೆಲ್‌ನಿಂದ ಫೋನ್ ಬಂತು. "ಕೋಲ್ಡ್ ರೂಮಿನಾಗೆ ಬೆಣ್ಣೆ ಮೆತ್ತಗಾಗೈತೆ ಅಣ್ಣಾ, ಮತ್ತೆ ಗ್ಯಾಸ್ ಹೋಗೈತೆ, ಬಂದು ಹಾಕ್ರಿ." ಮೂರು ತಿಂಗಳಲ್ಲಿ ಬೇರೆಯವರ ಕೈಲಿ ಮೂರು ಸಲ ಹಾಕಿಸಿದ್ದರಂತೆ.

ತಂಪು ಮಾಡುವ ಈ ಗ್ಯಾಸ್ ಏನು ಸ್ಕೂಟರಿನ ಪೆಟ್ರೋಲಾ, ಓಡಿದಷ್ಟೂ ಖರ್ಚಾಗೋಕೆ? ಪೈಪಿನೊಳಗೇ ಸುತ್ತುತ್ತಿರುತ್ತೆ. ಕಡಿಮೆ ಆಗಿದ್ದರೆ ಎಲ್ಲೋ ಲೀಕ್ ಇರಲೇಬೇಕು. ಲೀಕ್ ಹುಡುಕದೆ ಮೂರು ಸಲ ತುಂಬಿಸಿದ್ದಾರೆ ಅಂದ ಕೂಡಲೇ ನನಗೆ ಸಿಟ್ಟು ಬಂತು.

ಹೋಗಿ ಗೇಜ್ ಹಾಕಿದೆ. ಆರ್-134ಎ ಅನ್ನೋ ಗ್ಯಾಸಿನ ಸಿಸ್ಟಮ್, ಸಕ್ಷನ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆಯ ಒತ್ತಡ) 12 ಪಿಎಸ್ಐ. ಸಾಮಾನ್ಯವಾಗಿ ಇಲ್ಲಿಗೇ ತೀರ್ಪು ಆಗಿಬಿಡುತ್ತೆ: ಪ್ರೆಷರ್ ಕಡಿಮೆ, ಅಂದರೆ ಗ್ಯಾಸ್ ಕಡಿಮೆ, ಸಿಲಿಂಡರ್ ತಾ. ಆದರೆ 12 ಪಿಎಸ್ಐ ಅಂದರೆ ಈ ಗ್ಯಾಸ್ ರೂಮು ತಂಪು ಮಾಡುವ ಕಾಯಿಲಿನೊಳಗೆ ಸುಮಾರು ಮೈನಸ್ 12 ಡಿಗ್ರಿಯಲ್ಲಿ ಕುದಿಯುತ್ತಿದೆ ಅಂತ. ಕಾಯಿಲಿನಿಂದ ಹೊರಗೆ ಬರುವ ಪೈಪಿಗೆ ಥರ್ಮಾಮೀಟರ್ ಕಟ್ಟಿದೆ, ಮೈನಸ್ 10. ವ್ಯತ್ಯಾಸ ಬರೀ 2 ಡಿಗ್ರಿ. ಇದೇ ಸೂಪರ್‌ಹೀಟ್. ಗ್ಯಾಸ್ ನಿಜವಾಗಿ ಕಡಿಮೆ ಇದ್ದಿದ್ದರೆ ಕಾಯಿಲ್ ಅರ್ಧಕ್ಕೇ ಒಣಗಿ, ಆ ಪೈಪ್ ಬಿಸಿಯಾಗಿ, ವ್ಯತ್ಯಾಸ 15, 20ಕ್ಕೆ ಹೋಗಬೇಕಿತ್ತು. ಇಲ್ಲಿ ಉಲ್ಟಾ, ಒಳಗೆ ದ್ರವ ಇದೆ, ಅದನ್ನು ಕುದಿಸೋಕೆ ಶಾಖ ಸಿಗುತ್ತಿಲ್ಲ. ಕವರ್ ಬಿಚ್ಚಿದರೆ ಕಾಯಿಲ್ ಪೂರ್ತಿ ಐಸ್ ಗಡ್ಡೆ, ಎರಡು ಫ್ಯಾನಿನಲ್ಲಿ ಒಂದು ಸತ್ತಿದೆ. ಇಡೀ ರೋಗ ಆ ಒಂದು ಮೋಟಾರ್.

ಸೈಟ್ ಗ್ಲಾಸ್, ಅಂದರೆ ದ್ರವದ ಪೈಪಿನೊಳಗೆ ನೋಡೋಕೆ ಇರುವ ಗಾಜಿನ ಕಿಂಡಿ, ಅದರ ವಿಷಯದಲ್ಲೂ ಇದೇ ತಪ್ಪು ನಡೆಯುತ್ತೆ. ಗುಳ್ಳೆ ಕಂಡರೆ ಗ್ಯಾಸ್ ಹಾಕು ಅಂತ ಹುಡುಗರಿಗೆ ಕಲಿಸಿಬಿಟ್ಟಿದ್ದೇವೆ. ದ್ರವ ಅಲ್ಲಿಗೆ ಬರೋ ಮೊದಲು ತೇವ, ಕಸ ಹಿಡಿಯುವ ಡ್ರೈಯರ್ ಕಟ್ಟಿಕೊಂಡರೂ ಗುಳ್ಳೆ ಬರುತ್ತೆ. ಡ್ರೈಯರಿನ ಎರಡೂ ಕಡೆ ಕೈಯಿಟ್ಟು ನೋಡಿ. ಒಳಗೆ ಹೋಗುವ ಕಡೆ ಬೆಚ್ಚಗೆ, ಹೊರಬರುವ ಕಡೆ ತಣ್ಣಗೆ ಇದ್ದರೆ ಬದಲಾಯಿಸಬೇಕಾದ್ದು ಡ್ರೈಯರ್. ಇನ್ನು ಕ್ಯಾಪಿಲರಿ (ಗ್ಯಾಸ್ ಹರಿವು ತಡೆಯುವ ತೀರಾ ಸಣ್ಣ ಪೈಪ್) ಇರುವ ಸಣ್ಣ ಡೀಪ್ ಫ್ರೀಜರ್‌ಗಳಿಗೆ ಊಹೆಯೇ ಬೇಡ, ನೇಮ್‌ಪ್ಲೇಟಿನಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತೆ. ವ್ಯಾಕ್ಯೂಮ್ ಮಾಡಿ, ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಅಷ್ಟೇ ಹಾಕಿ.

ನಮ್ಮೂರಿಗೆ ಇನ್ನೊಂದು ತೊಂದರೆ ಇದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹೆಡ್ ಪ್ರೆಷರ್ (ಕಂಪ್ರೆಸರಿನಿಂದ ಹೊರಬರುವ ಕಡೆಯ ಒತ್ತಡ) ಕಡಿಮೆ ಇದೆ ಅಂತ ತುಂಬಿಸಿದ್ದು, ಏಪ್ರಿಲ್‌ನ ಮಧ್ಯಾಹ್ನ ಕಂಪ್ರೆಸರ್ ಟ್ರಿಪ್ ಮಾಡಿಸುತ್ತೆ. ಮಂಡಕ್ಕಿ ಭಟ್ಟಿ ಕಡೆ ಹೊಗೆ, ಮಸಿ ಶಾಖ ಹೊರಹಾಕುವ ಕಂಡೆನ್ಸರಿಗೆ ಮೆತ್ತಿಕೊಂಡಿದ್ದರಂತೂ ಕೇಳೋದೇ ಬೇಡ.

ಆ ಹೋಟೆಲ್‌ನಲ್ಲೂ ಗ್ಯಾಸ್ ಹೀಗೇ ಹೆಚ್ಚಾಗಿತ್ತು. ಐಸ್ ಕರಗಿಸಿ, ಮೋಟಾರ್ ಬದಲಾಯಿಸಿ, ಕಂಡೆನ್ಸರ್ ತೊಳೆದು ಓಡಿಸಿದರೆ ಹೆಡ್ ಪ್ರೆಷರ್ 230 ಪಿಎಸ್ಐ. ಅಂದರೆ ಗ್ಯಾಸ್ ಸುಮಾರು 60 ಡಿಗ್ರಿಯಲ್ಲಿ ದ್ರವವಾಗುತ್ತಿದೆ. ಕಂಡೆನ್ಸರಿನಿಂದ ಹೊರಬರುವ ದ್ರವದ ಪೈಪ್ 44. ವ್ಯತ್ಯಾಸ, ಅಂದರೆ ಸಬ್‌ಕೂಲಿಂಗ್, 16 ಡಿಗ್ರಿ! ದ್ರವ ಶೇಖರಿಸುವ ರಿಸೀವರ್ ಟ್ಯಾಂಕ್ ತುಂಬಿ, ಕಂಡೆನ್ಸರಿನೊಳಗೂ ದ್ರವ ನಿಂತಿತ್ತು. ಹೆಚ್ಚಾದ ಗ್ಯಾಸನ್ನು ಗಾಳಿಗೆ ಬಿಡಲಿಲ್ಲ. ಈ ಗ್ಯಾಸಿನ ಒಂದು ಕಿಲೋ ಒಂದು ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಬಿಸಿ ಮಾಡುತ್ತೆ. ಗ್ಯಾಸ್ ವಾಪಸ್ ಸಿಲಿಂಡರಿಗೆ ಎಳೆಯುವ ರಿಕವರಿ ಮಷಿನ್ ಹಾಕಿ, ಸ್ವಲ್ಪ ತೆಗೆಯೋದು, ಹದಿನೈದು ನಿಮಿಷ ಓಡಿಸೋದು, ಮತ್ತೆ ಅಳೆಯೋದು. ಕೊನೆಗೆ ಸಿಲಿಂಡರಿಗೆ ಬಂದಿದ್ದು 1 ಕಿಲೋ 200 ಗ್ರಾಂ.

ಮಾಲೀಕರು ತಕ್ಕಡಿ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಕಿ ಏರೋದನ್ನೇ ನೋಡ್ತಿದ್ದರು. "ಇಷ್ಟಕ್ಕೂ ನಾನು ದುಡ್ಡು ಕೊಟ್ಟೀನಲ್ಲಣ್ಣಾ" ಅಂದರು.