ಒಂದನೇ ತರಗತಿಯ ಪ್ರಿನ್ಸಿಪಾಲರು

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಶಿಕ್ಷಕರಿಗಿಂತ ದೊಡ್ಡ ಹುದ್ದೆ ಇಲ್ಲವೆಂದು ನಂಬಿರುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಿಲ್ಲವೆಂದೇ ಅರ್ಥ. ಆ ಕಾಯ್ದೆಯಲ್ಲಿ ಮಾಹಿತಿ ಯಾರದೋ ಅವರೇ ‘ಡೇಟಾ ಪ್ರಿನ್ಸಿಪಲ್’. ಅದನ್ನು ಪಡೆದು ಬಳಸುವವರು ಬರೀ ‘ಫಿಡ್ಯೂಷಿಯರಿ’, ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಪಾರುಪತ್ಯಗಾರರು. ಹೀಗಾಗಿ ಮೂಗೊರೆಸಿಕೊಳ್ಳಲು ಇನ್ನೂ ಬಾರದ ಒಂದನೇ ತರಗತಿಯ ಹುಡುಗಿ ಪ್ರಿನ್ಸಿಪಾಲರಾಗಿದ್ದಾಳೆ. ಆಕೆಗೆ ಹದಿನೆಂಟು ತುಂಬುವವರೆಗೆ ಹೆತ್ತವರೂ ಆ ಪದವಿಯಲ್ಲಿ ಪಾಲುದಾರರು. ಆಕೆಯ ಮೂಗೊರೆಸುವ ಮೇಷ್ಟ್ರು ಪಾರುಪತ್ಯಗಾರರ ಕಡೆಯ ಗುಮಾಸ್ತರು.

ಕಾಯ್ದೆಯೇ ಬೇಡವೆನ್ನುವವನು ನಾನಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಎಂಬ ಹೆಮ್ಮೆ ನನಗೂ ಇದೆ. ಮಕ್ಕಳ ಮಾಹಿತಿಯ ವಿಷಯದಲ್ಲಿ ತಪ್ಪಿ ನಡೆದವರಿಗೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಲ್ಲ ಈ ಕಾಯ್ದೆಯ ನಿಯಮಗಳನ್ನು ಕೇಂದ್ರ ಸರ್ಕಾರವು 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ಉಡುಗೊರೆಯೋ ಎಂಬಂತೆ, ಪ್ರಕಟಿಸಿತು. ಮುಖ್ಯ ನಿಯಮಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಭಯಕ್ಕೆ ಕಾಲಾವಕಾಶ ಬೇಕಿಲ್ಲವಾದ್ದರಿಂದ ನಾನು ಬಲ್ಲ ಒಂದು ಶಾಲೆಯಲ್ಲಿ ಅವು ಆಗಲೇ ಜಾರಿಯಾಗಿವೆ.

ಅಲ್ಲಿನ ಮೇಷ್ಟ್ರು ಮೊದಲು ಕೈಹಾಕಿದ್ದು ನಲಿ-ಕಲಿ ಕೊಠಡಿಯ ಗೋಡೆಗೆ. ಯಾವ ಮಗು ಕಲಿಕೆಯ ಏಣಿಯಲ್ಲಿ ಎಷ್ಟನೆಯ ಮೆಟ್ಟಿಲು ಹತ್ತಿದೆಯೆಂದು ಹೆಸರು ಸಮೇತ ತೋರಿಸುವ ‘ಪ್ರಗತಿ ನೋಟ’ದ ಪಟ್ಟಿ ಅಲ್ಲಿ ತೂಗುತ್ತಿತ್ತು. ಅದಕ್ಕೆ ತಮ್ಮ ಹಳೆಯ ಪಂಚೆಯೊಂದನ್ನು ಪರದೆಯಾಗಿ ಕಟ್ಟಿ, ಮಕ್ಕಳು ಒಬ್ಬೊಬ್ಬರಾಗಿ ಒಳಗೆ ತಲೆ ತೂರಿಸಿ ತಂತಮ್ಮ ಮೆಟ್ಟಿಲನ್ನಷ್ಟೇ ನೋಡಿಕೊಂಡು ಬರಬೇಕೆಂದು ಅಪ್ಪಣೆ ಮಾಡಿದರು. ಹೊರಬಂದವನೊಬ್ಬ ಅಲ್ಲೇ ನಿಂತು, “ನಾನು ಏಳನೇದು, ನೀನಿನ್ನೂ ಐದನೇದು!” ಎಂದು ಗೆಳೆಯನಿಗೆ ಕೂಗಿದ್ದರಿಂದ ಮಾಹಿತಿ ಎಲ್ಲಿಂದ ಸೋರಿತೆಂಬುದು ತನಿಖೆಯಿಲ್ಲದೆಯೇ ಪತ್ತೆಯಾಯಿತು. ಮರುದಿನ ಹಾಜರಿಯನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆದರು. “ಹನ್ನೊಂದು” ಎಂದಾಗ, ಮಗ್ಗಿಯ ಪಾಠ ಶುರುವಾಯಿತೆಂದು ತಿಳಿದ ಇಡೀ ತರಗತಿ ಒಕ್ಕೊರಲಿನಿಂದ “ಹನ್ನೊಂದೊಂದ್ಲ ಹನ್ನೊಂದು” ಎಂದು ರಾಗ ತೆಗೆಯಿತು.

ಹಾಜರಿಯಲ್ಲಿ ಇನ್ನೊಂದು ಅಪಾಯವೂ ಇದೆ. ಮಾಹಿತಿ ಕೊಡುವಾಗ ತಾನು ಇನ್ನೊಬ್ಬನೆಂದು ಸೋಗು ಹಾಕಬಾರದೆಂಬ ಕರ್ತವ್ಯವನ್ನು ಕಾಯ್ದೆಯು ಪ್ರಿನ್ಸಿಪಾಲರ ಮೇಲೆಯೇ ಹೊರಿಸಿದ್ದು, ಅದನ್ನು ಮೀರಿದರೆ 10,000 ರೂಪಾಯಿವರೆಗೆ ದಂಡವಿದೆ. ತೋಟಕ್ಕೆ ಮಾವಿನಕಾಯಿ ಕೀಳಲು ಹೋದ ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ “ಪ್ರೆಸೆಂಟ್ ಸಾರ್” ಎಂದು ದನಿ ಬದಲಿಸಿ ಕೂಗುವ ಸ್ನೇಹಧರ್ಮಕ್ಕೆ ಇಷ್ಟು ದುಬಾರಿ ಬೆಲೆ ಹಿಂದೆಂದೂ ಇರಲಿಲ್ಲ.

ನಿಜಕ್ಕೂ ಗೋಡೆಗೆ ಪಂಚೆಯ ಅಗತ್ಯವೇ ಇರಲಿಲ್ಲ. ಕಾಗದದಲ್ಲೇ ಉಳಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದು ಡಿಜಿಟಲ್ ರೂಪಕ್ಕೆ ಬಂದಾಗಲೇ ಕಾಯ್ದೆಗೆ ಎಚ್ಚರವಾಗುವುದು. ಪಂಚೆ ಬೇಕಿದ್ದುದು ಮೇಷ್ಟ್ರ ಜೇಬಿನ ಮೊಬೈಲಿಗೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಮೊಟ್ಟೆ ಹಿಡಿದ ಮಕ್ಕಳನ್ನು ಒಂದು ಸಾಲಿನಲ್ಲಿಯೂ ಮೊಟ್ಟೆ ತಿನ್ನದೆ ಬಾಳೆಹಣ್ಣು ಪಡೆದವರನ್ನು ಇನ್ನೊಂದು ಸಾಲಿನಲ್ಲಿಯೂ ನಿಲ್ಲಿಸಿ ಫೋಟೋ ತೆಗೆದು ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ, ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತದೆ, ಏನು ಬೇಯುವುದಿಲ್ಲ ಎಂಬುದು, ಅದರ ಹಿಂದೆಯೇ ಜಾತಿಯ ಅಂದಾಜೂ, ಎರಡೇ ಸಾಲಿನಲ್ಲಿ ಇಡೀ ಗುಂಪಿಗೆ ಗೊತ್ತಾಗುತ್ತದೆ. ಆ ಫೋಟೋಕ್ಕೆ ಯಾರೂ ಪರದೆ ಕಟ್ಟುವುದಿಲ್ಲ; ಕಟ್ಟಿದರೆ ಮೊಟ್ಟೆ ಹಂಚಿದ್ದಕ್ಕೆ ದಾಖಲೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ.

ಮಕ್ಕಳ ಜಾಡು ಹಿಡಿಯುವುದು, ಅಂದರೆ ‘ಟ್ರ್ಯಾಕಿಂಗ್’, ಕೂಡದೆಂದು ಕಾಯ್ದೆಯು ಖಡಾಖಂಡಿತವಾಗಿ ಹೇಳುತ್ತದೆ. ನಮ್ಮ ರಾಜ್ಯದ ಶಾಲಾಮಕ್ಕಳ ದಾಖಲೆಯ ವ್ಯವಸ್ಥೆಯ ಹೆಸರು ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಮ್. ಗಾಬರಿಯಾಗುವುದು ಬೇಡ, ಕಲಿಕೆಗಾಗಿ ಮತ್ತು ಸುರಕ್ಷತೆಗಾಗಿ ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿಯೇ ವಿನಾಯಿತಿ ಇದೆ. ಬಾಗಿಲಿಗೆ ಬೀಗ ಹಾಕಿ ಕಿಟಕಿಯನ್ನು ತೆರೆದಿಡುವುದು ನಮಗೆ ಹೊಸದಲ್ಲವಷ್ಟೆ.

ಇನ್ನು ಒಪ್ಪಿಗೆ. ವಿದ್ಯಾರ್ಥಿಯ ಓದಿನ ದಾಖಲೆಗಳನ್ನೆಲ್ಲ ಒಂದೆಡೆ ಕೂಡಿಡುವ ‘ಅಪಾರ್’ ಗುರುತಿನ ಸಂಖ್ಯೆಗೆ ಪಾಲಕರ ಒಪ್ಪಿಗೆ ಬೇಕು, ಅದು ಕಡ್ಡಾಯವೇನಲ್ಲ. ಕಡ್ಡಾಯವಲ್ಲದ್ದನ್ನು ನಾಳೆ ಹನ್ನೊಂದು ಗಂಟೆಯೊಳಗೆ ನೂರಕ್ಕೆ ನೂರು ಮುಗಿಸಬೇಕೆಂಬ ಸಂದೇಶ ಮೇಷ್ಟ್ರಿಗೆ ಬಂದಿತ್ತು. ಕಳೆ ಕೀಳುತ್ತಿದ್ದ ತಾಯಿಯೊಬ್ಬಳು ಸಂಜೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

“ಎಲ್ಲಿ ಒತ್ತಲಿ ಸಾ?”

“ಓದಿ ಹೇಳ್ತೀನಿ ಕೇಳಮ್ಮ. ಇದು ಸ್ವಯಂಪ್ರೇರಿತ ಒಪ್ಪಿಗೆ.”

“ಒತ್ತದಿದ್ರೆ ಸ್ಕಾಲರ್‌ಶಿಪ್ ನಿಲ್ಸಾಕಿಲ್ಲ ತಾನೆ?”

ಮೇಷ್ಟ್ರು ಕಾಯ್ದೆಯನ್ನು ಓದಿದ್ದರೇ ಹೊರತು ಈ ಪ್ರಶ್ನೆಗೆ ಉತ್ತರವನ್ನು ಓದಿರಲಿಲ್ಲ. ಆಕೆ ಕಾಯಲಿಲ್ಲ, ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಒತ್ತಿದಳು. ಅಷ್ಟಕ್ಕೂ ಸಂಖ್ಯೆ ಹುಟ್ಟಲಿಲ್ಲ, ಏಕೆಂದರೆ ಆಧಾರಿನಲ್ಲಿ ‘ಮಂಜುಳ’ ಆಗಿರುವ ಹುಡುಗಿ ಶಾಲೆಯ ದಾಖಲೆಯಲ್ಲಿ ‘ಮಂಜುಳಾ’ ಆಗಿದ್ದಳು. ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕೂ ಪ್ರಿನ್ಸಿಪಾಲರಿಗೆ ಉಂಟು. ಒಂದು ದೀರ್ಘಕ್ಕಾಗಿ ಅವರು ತಾಯಿಯ ಎರಡು ದಿನದ ಕೂಲಿ ಬಿಡಿಸಿ ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದರೆ ಸಾಕು.

ಇಷ್ಟಾದರೂ ಆರು ಮಂದಿ ಒತ್ತಲಿಲ್ಲ. ಅವರ ಖಾಸಗಿತನವನ್ನು ಗೌರವಿಸಬೇಕೆಂದು ಮೇಲಿನಿಂದ ಸ್ಪಷ್ಟ ಸೂಚನೆಯಿದ್ದುದರಿಂದ, ಒಪ್ಪಿಗೆ ಕೊಡದವರ ಪಟ್ಟಿಯನ್ನು ಮಗುವಿನ ಹೆಸರು, ತಂದೆಯ ಹೆಸರು, ಆಧಾರ್ ಮತ್ತು ಮೊಬೈಲ್ ಸಂಖ್ಯೆ ಸಹಿತ ಎಕ್ಸೆಲ್ ಹಾಳೆಯಲ್ಲಿ ಕೂಡಲೇ ಸಲ್ಲಿಸಲು ತಿಳಿಸಲಾಗಿತ್ತು. ಮೇಷ್ಟ್ರು ರಾತ್ರಿ ಒಂಬತ್ತೂವರೆಗೆ ಅದನ್ನು ಗುಂಪಿಗೆ ಹಾಕಿದರು. ಏನೋ ಹೊಳೆದು, ನಡುಗುವ ಬೆರಳಿನಿಂದ ಅಳಿಸಲು ಹೊರಡುವಷ್ಟರಲ್ಲಿ ಪಟ್ಟಿಯ ಕೆಳಗೆ ಆಗಲೇ ಹದಿನೇಳು ಹೆಬ್ಬೆಟ್ಟುಗಳು ಬಿದ್ದಿದ್ದವು.