ಬೀಡಿ ಕಟ್ಟುವವರ ನೋವು ಯಾವ ಲೆಕ್ಕದಲ್ಲಿ ಉಂಟು?
ಬಡ ದೇಶಗಳಲ್ಲಿ ವಯಸ್ಕರು ವರ್ಷಗಟ್ಟಲೆ ನೋವು ತಿಂದ್ರೂ ಸರಿಯಾದ ಚಿಕಿತ್ಸೆ ಸಿಗುದಿಲ್ಲ ಅಂತ ನಿಮ್ಮ ಲೇಖನದಲ್ಲಿ ಬರ್ದಿದ್ದೀರಿ, ಸರಿ, ಆದ್ರೆ ಅದನ್ನು ನೋಡ್ಲಿಕ್ಕೆ ದೂರ ಹೋಗುದು ಬೇಡ ಮಾರಾಯ್ರೆ, ನಮ್ಮ ಕರಾವಳಿಯ ಕಾಪು ಮೂಲ್ಕಿ ಕಡೆ ಬೀಡಿ ಕಟ್ಟುವವರ ಮನೆ ಜಗಲಿಗೆ ಬಂದ್ರೆ ಸಾಕು. ನನ್ನ ಅಮ್ಮ ಮೂವತ್ತು ವರ್ಷ ಮಡಿಲಲ್ಲಿ ತಡ್ಪೆ (ಮೊರ) ಇಟ್ಕೊಂಡು ಕುತ್ತಿಗೆ ಬಗ್ಗಿಸಿ ಕೂತವರು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ, ಹಾಗಾಗಿ ಎದ್ದು ಸೊಂಟ ನೆಟ್ಟಗೆ ಮಾಡಿದ್ರೆ ಅಷ್ಟು ಬೀಡಿ ಕಮ್ಮಿ. ಕುತ್ತಿಗೆ, ಭುಜ, ಸೊಂಟ, ಹೆಬ್ಬೆರಳು ಎಲ್ಲಾ ಹೋಯ್ತು, ರಾತ್ರಿ ನೀಲಗಿರಿ ಎಣ್ಣೆ ವಾಸನೆ ಇಲ್ದೆ ನಮ್ಮ ಮನೆಲಿ ಯಾರೂ ಮಲಗಿದ್ದೇ ಇಲ್ಲ.

ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯವರ ರೋಗಪಟ್ಟಿಯಲ್ಲಿ (ಐಸಿಡಿ-11, 2022ರಿಂದ ಜಾರಿ) ಬೇರೆಯೇ ಕೋಡ್ ಉಂಟು. ಇಲ್ಲಿ ಮಾತ್ರ ಡಾಕ್ಟ್ರು "ಪ್ರಾಯ ಆಯ್ತಲ್ಲ ಅಮ್ಮ" ಅಂತ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ ಬರ್ದು ಕಳಿಸಿದ್ರು, ಅಮ್ಮ ಅದೇ ಚೀಟಿ ಹಿಡ್ಕೊಂಡು ಮೆಡಿಕಲಿಂದ ವರ್ಷಗಟ್ಟಲೆ ತಂದು ನುಂಗಿದ್ದು, ಆ ಮಾತ್ರೆ ತುಂಬಾ ದಿನ ತಿಂದ್ರೆ ಹೊಟ್ಟೆಹುಣ್ಣು ಆಗ್ತದೆ, ಕಿಡ್ನಿಗೂ ಪೆಟ್ಟು ಅಂತ ಒಬ್ರೂ ಹೇಳ್ಲಿಲ್ಲ.

ಮಂಗಳೂರು ಮಣಿಪಾಲದಲ್ಲಿ ಇಷ್ಟೆಲ್ಲ ಮೆಡಿಕಲ್ ಕಾಲೇಜು ಉಂಟು ನಿಜ. ಆದ್ರೆ ಫಿಸಿಯೋಥೆರಪಿಗೆ ವಾರಕ್ಕೆ ಎರಡು ಸಲ ಬನ್ನಿ ಅಂದ್ರೆ ಎರಡು ದಿನದ ಮಜೂರಿ ಹೋಯ್ತಲ್ಲ, ಅದನ್ನು ಯಾರು ಕೊಡುದು? ಹೆಂಗಸರಿಗೆ ಸರಕಾರಿ ಬಸ್ ಫ್ರೀ ಅಂತ ಯಾರಾದ್ರೂ ಹೇಳ್ಬಹುದು, ನಮ್ಮ ರೂಟಲ್ಲಿ ಓಡುದೆಲ್ಲ ಪ್ರೈವೇಟ್ ಬಸ್ಸು ಸ್ವಾಮಿ.