ಮರಿಯಳ ಸುವಾರ್ತೆ ಬಗ್ಗೆ ನಾನು ಹಾಕಿದ್ದ ಮೆಸೇಜ್ ತಪ್ಪು, ಫಾರ್ವರ್ಡ್ ಮಾಡ್ಬೇಡಿ

ಮೊನ್ನೆ ನಾನೇ ಒಂದು ಮೆಸೇಜ್ ಶೇರ್ ಮಾಡಿದ್ದೆ, "ಕ್ರಿ.ಶ. 325ರ ನೈಸಿಯಾ ಸಭೇಲಿ ಬಿಷಪ್‌ಗಳೆಲ್ಲ ವೋಟ್ ಹಾಕಿ ಮಗ್ದಲದ ಮರಿಯಳ ಸುವಾರ್ತೇನ ಬೈಬಲ್‌ನಿಂದ ತೆಗೆದು ಸುಟ್ಟುಬಿಟ್ರು" ಅಂತ. ಮಗ್ದಲದ ಮರಿಯ ಅಂದ್ರೆ ಯೇಸುವಿನ ಶಿಷ್ಯೆ, ನೈಸಿಯಾ ಸಭೆ ಅಂದ್ರೆ ಆ ಕಾಲದ ಕ್ರೈಸ್ತ ಬಿಷಪ್‌ಗಳ ದೊಡ್ಡ ಸಭೆ. ಆ ಮೆಸೇಜ್ ಸರಿಯಿಲ್ಲ. ಚೆಕ್ ಮಾಡ್ದೆ ಹಾಕಿದ್ದು ನಂದೇ ತಪ್ಪು, ಈಗ ಮೂರು ಗ್ರೂಪಿಂದ ವಾಪಸ್ ನನಗೇ ಬಂದಿದೆ!

ನೈಸಿಯಾದಲ್ಲಿ ಮುಖ್ಯವಾಗಿ ಚರ್ಚೆ ಆಗಿದ್ದು ಅರಿಯಸ್ ಅನ್ನೋ ಪಾದ್ರಿಯ ವಾದ, ಅಂದ್ರೆ ಯೇಸು ದೇವರಿಗೆ ಸಮಾನನಾ ಅನ್ನೋದು, ಆಮೇಲೆ ಈಸ್ಟರ್ ತಾರೀಖು. ಆ ಸಭೆ ಮಾಡಿದ 20 ನಿಯಮ ಉಳಿದಿವೆ, ಒಂದರಲ್ಲೂ ಬೈಬಲ್‌ಗೆ ಯಾವ ಪುಸ್ತಕ ಸೇರ್ಬೇಕು ಅನ್ನೋ ಪಟ್ಟಿ ಇಲ್ಲ.

ಮರಿಯಳ ಸುವಾರ್ತೆ ಅನ್ನೋ ಗ್ರಂಥ ಮಾತ್ರ ನಿಜವಾಗ್ಲೂ ಇದೆ. ಅದರ ಕಾಪ್ಟಿಕ್ (ಈಜಿಪ್ಟಿನ ಹಳೇ ಭಾಷೆ) ಪ್ರತಿ 1896ರಲ್ಲಿ ಕೈರೋದಲ್ಲಿ ಕೊಂಡಿದ್ದು, ಅಚ್ಚಾಗಿದ್ದು 1955ರಲ್ಲಿ, ಅದೂ ಮೊದಲ ಆರು ಪುಟಾನೂ ನಡುವಿನ ನಾಲ್ಕು ಪುಟಾನೂ ಇಲ್ದೇನೇ. ಇರೋ ಭಾಗದಲ್ಲಿ ಯೇಸುವಿನ ಶಿಷ್ಯ ಪೇತ್ರನೇ ಮರಿಯಳನ್ನ ಕೇಳ್ತಾನೆ, ಗುರು ನಿನಗೆ ಹೇಳಿದ್ದು ನಮಗೆ ಗೊತ್ತಿಲ್ಲ, ಹೇಳು ಅಂತ, ಅವಳು ಹೇಳಿದ್ಮೇಲೆ ಅವನೇ, ಒಬ್ಬ ಹೆಂಗಸಿಗೆ ನಮಗೆ ಗೊತ್ತಿಲ್ದೆ ಇದನ್ನೆಲ್ಲ ಹೇಳಿದ್ನಾ ಅಂತ ರೇಗ್ತಾನೆ, ಇನ್ನೊಬ್ಬ ಶಿಷ್ಯ ಲೇವಿ ಅವಳ ಪರ ನಿಲ್ತಾನೆ. ನನಗಂತೂ ಸುಟ್ಟ ಕಥೆಗಿಂತ ಈ ಜಗಳಾನೇ ಇಂಟರೆಸ್ಟಿಂಗ್ ಅನ್ಸ್ತು.

ಅದೇ ಮೆಸೇಜಲ್ಲಿ "ಬೈಬಲ್‌ನಲ್ಲಿ ಬೋಧಿಸೋ ಹೆಂಗಸೇ ಇಲ್ಲ" ಅಂತಾನೂ ಇತ್ತು. ಅಪೊಸ್ತಲರ ಕೃತ್ಯಗಳು 18:26 ತೆಗೆದು ನೋಡಿ, ಪ್ರಿಸ್ಕಿಲ್ಲ ಗಂಡನ ಜೊತೆ ಸೇರಿ ಅಪೊಲ್ಲೋಸನಂಥ ಪಂಡಿತನಿಗೇ ಪಾಠ ಹೇಳ್ತಾಳೆ.

ಹಳೇ ಮೆಸೇಜ್ ಡಿಲೀಟ್ ಮಾಡಿದೀನಿ, ನೀವೂ ಮಾಡಿ, ಮುಂದಕ್ಕೆ ಕಳಿಸಿದ್ರೆ ಅಲ್ಲಿಗೆ ಇದನ್ನೂ ಹಾಕಿ.